ಅಭ್ಯರ್ಥಿಗಳಿಗೆ ಅಜ್ಜಿಯ ಒಂದೇ ಪ್ರಶ್ನೆ

ಆಕ್ಲೆಂಡಿನ ಪಾಪಟೊಯ್‌ಟೊಯ್ ಬಡಾವಣೆಯಲ್ಲಿರುವ ನನ್ನ ಮನೆಬಾಗಿಲಿಗೆ ಇವತ್ತು ಚುನಾವಣಾ ಅಭ್ಯರ್ಥಿಯೊಬ್ಬರು ಬಂದು, ತಮ್ಮ ಪರಿಚಯದ ಕರಪತ್ರ ಕೊಟ್ಟರು. ಅದರ ಮಸಿಯ ವಾಸನೆಗೆ ಮಂಡ್ಯದ ನಮ್ಮ ಜಗುಲಿ ನೆನಪಾಯಿತು.

ವಿಧಾನಸಭೆಗೆ ನಿಂತು ಮತ ಕೇಳಲು ಅಲ್ಲಿಗೆ ಬಂದವರು ಯಾವ ಪಕ್ಷದವರಾದರೂ ಅಜ್ಜಿ ಮೊದಲು ನೀರು, ಬೆಲ್ಲ ಕೊಡುತ್ತಿದ್ದಳು. ಜೊತೆಗೆ ಬಂದವರು ಅಭ್ಯರ್ಥಿಯನ್ನು ಹೊಗಳತೊಡಗಿದರೆ ಅವಳಿಗೆ ರೇಗುತ್ತಿತ್ತು.

"ನೀವ್ ಸುಮ್ಕಿರ್ರಪ್ಪ. ನೀನೇಳಪ್ಪ, ಯಾರ್ ಮಗ ನೀನು?"

ಒಮ್ಮೆ ಇಸ್ತ್ರಿಯ ಬಿಳಿ ಅಂಗಿಯವನೊಬ್ಬ ಚಪ್ಪಲಿ ಬಿಟ್ಟು ಕೂತು, "ಕೆರೆಬೀದಿ ಪುಟ್ಟಮ್ಮನ್ ಮಗ ಕಣವ್ವ" ಎಂದ. "ಅಂಗನ್ನು ಮತ್ತೆ" ಎಂದು ಅಜ್ಜಿ ಇನ್ನೊಂದಚ್ಚು ಬೆಲ್ಲ ಕೊಟ್ಟಳು.

ಇವತ್ತು ನಾನೂ ನೀರು ತರಲು ಒಳಗೋಡಿದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವರು ಪಕ್ಕದ ಮನೆಯ ಬೆಲ್ ಒತ್ತುತ್ತಿದ್ದರು. ಬಾಗಿಲಲ್ಲೇ ನಿಂತು ನೀರನ್ನು ನಾನೇ ಕುಡಿದೆ. ಇಲ್ಲಿಗೆ ಬಂದು ಏಳು ವರ್ಷವಾಯಿತು. ನೀನು ಯಾರ ಮಗಳು ಎಂದು ನನ್ನನ್ನು ಯಾರೂ ಕೇಳಿಲ್ಲ.