ವಾಸನೆಯಿಲ್ಲದ ಕಾರು

ಬಂಟ್ವಾಳದ ಒಂದು ಶೋರೂಮಿನಲ್ಲಿ ಕಾರು ಮಾರುವುದು ನನ್ನ ಕೆಲಸ. ಸೇರಿದ ಹೊಸತರಲ್ಲಿ ಬಂದವರೆಲ್ಲ ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುತ್ತಿದ್ದರು. ಈಗ ಒಮ್ಮೆ ಚಾರ್ಜ್ ಮಾಡಿದರೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳುತ್ತಾರೆ. ಗಲ್ಫಿನಿಂದ ರಜೆಗೆ ಬಂದವರು, ಮೂಡುಬಿದಿರೆಯ ಕಾಲೇಜು ಮೇಷ್ಟ್ರುಗಳು, ಯಾರೇ ಬರಲಿ, ಎಲೆಕ್ಟ್ರಿಕ್ ಕಾರಿಗೆ ಒಂದು ಸುತ್ತು ಬಾರದೆ ಹೋಗುವುದಿಲ್ಲ. ಘಟ್ಟದ ನಡುವೆ ನಿಂತುಬಿಟ್ಟರೆ ಎಂಬ ಹೆದರಿಕೆಗೆ ಕೆಲವರು ಕೊನೆಗೆ ಪೆಟ್ರೋಲ್ ಕಾರನ್ನೇ ಒಯ್ಯುತ್ತಾರೆ. ಮಾರುವವಳೇ ಪೆಟ್ರೋಲ್ ಗಾಡಿಯಲ್ಲಿ ಬಂದರೆ ನಂಬುವವರು ಯಾರು ಎಂದು ಕಳೆದ ವರ್ಷ ನಾನೇ ಒಂದು ಎಲೆಕ್ಟ್ರಿಕ್ ಕಾರು ಕೊಂಡೆ.

ನನ್ನ ಅಮ್ಮನಿಗೆ ಗಾಡಿಯ ವಾಸನೆ ಆಗುತ್ತಿರಲಿಲ್ಲ. ನಮ್ಮೂರು ವಾಮದಪದವಿನಿಂದ ಬಂಟ್ವಾಳಕ್ಕೆ ಬರಬೇಕಾದರೂ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಂಡೇ ಬಸ್ಸಿನಲ್ಲಿ ಕೂರುತ್ತಿದ್ದಳು. ಅವಳ ಒಬ್ಬಳೇ ತಂಗಿಯನ್ನು ಘಟ್ಟದ ಮೇಲೆ ಕೊಟ್ಟಿಗೆಹಾರದಲ್ಲಿ ಹೋಟೆಲ್ ಇಟ್ಟಿದ್ದವರಿಗೆ ಮದುವೆ ಮಾಡಿ ಕೊಟ್ಟಿದ್ದರು. ತಂಗಿಯನ್ನು ಬಿಟ್ಟುಬರಲು ದಿಬ್ಬಣದ ಬಸ್ಸಿನಲ್ಲಿ ಹೊರಟ ಅಮ್ಮ ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಮಾಡಿ ಮಾಡಿ ಎಚ್ಚರ ತಪ್ಪಿದಳಂತೆ. ಅವಳನ್ನು ಅರ್ಧ ದಾರಿಯಿಂದ ಕೆಳಗೆ ಕಳಿಸಿದರು. ಮತ್ತೆ ಅವಳು ಘಟ್ಟ ಹತ್ತಲಿಲ್ಲ, ತಂಗಿಯ ಮನೆ ನೋಡಲಿಲ್ಲ. ಚಿಕ್ಕಮ್ಮನೇ ವರ್ಷಕ್ಕೊಮ್ಮೆ ಇಳಿದು ಬರುತ್ತಿದ್ದರು. ಅವರ ಮೊಣಕಾಲು ಸೋತ ಮೇಲೆ ಫೋನು ಮಾತ್ರ ಉಳಿಯಿತು. ಆಮೇಲೆ ಫೋನಿನಲ್ಲಿ ಅವರು ಕೇಳಿದ್ದನ್ನೇ ಕೇಳತೊಡಗಿದರು. ಮರೆವಿನ ಕಾಯಿಲೆ ಎಂದು ಅವರ ಮಗ ತಿಳಿಸಿದ.

ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಅಮ್ಮನನ್ನು ನನ್ನ ಕಾರಿನಲ್ಲಿ ಬೆಳ್ತಂಗಡಿಗೆ ಕರೆದುಕೊಂಡು ಹೋಗಿ ಬಂದೆ. ಲಿಂಬೆಹಣ್ಣು ಅವಳ ಮಡಿಲಲ್ಲೇ ಇತ್ತು, ಅದನ್ನು ಮೂಗಿಗೆ ಹಿಡಿಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು:

"ಇದು ಘಟ್ಟ ಹತ್ತುತ್ತದಾ?"

ಗಿರಾಕಿಗಳು ಎಷ್ಟೋ ಸಲ ಕೇಳಿದ ಪ್ರಶ್ನೆ. ಹತ್ತುತ್ತದೆ, ಹೋಗುವ ಎಂದೆ.

ಮುಂದಿನ ಆದಿತ್ಯವಾರ ಹೊರಟೆವು. ತಿರುವುಗಳಲ್ಲಿ ಕಾರು ಎಳೆದಂತಾಗದ ಹಾಗೆ ತೀರಾ ನಿಧಾನವಾಗಿ ಹತ್ತಿಸಿದೆ. ಅಮ್ಮ ಕಿಟಕಿಯ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಕೊಟ್ಟಿಗೆಹಾರದಲ್ಲಿ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಬಂದ ದಾರಿಯ ಕಡೆ ತಿರುಗಿ ನೋಡಿದಳು.

"ಇಷ್ಟೇ ದೂರವಾ?" ಎಂದಳು.



ಚಿಕ್ಕಮ್ಮ ಹೋಟೆಲಿನ ಬೆಂಚಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದರು. ದೊಡ್ಡಮ್ಮ ಬಂದಿದ್ದಾರೆ ಎಂದು ಮಗ ಎಷ್ಟು ಹೇಳಿದರೂ ಗುರುತು ಹತ್ತಲಿಲ್ಲ. ಗಿರಾಕಿ ಎಂದುಕೊಂಡು ಅಮ್ಮನನ್ನು ಪಕ್ಕದಲ್ಲಿ ಕೂರಿಸಿ, ಕಾಫಿ ಕೊಡಲು ಒಳಗೆ ಕೂಗಿ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡಳು. ಚಿಕ್ಕಮ್ಮ ಎಂದರು:

"ನನಗೂ ಒಬ್ಬಳು ಅಕ್ಕ ಇದ್ದಾಳೆ, ಕೆಳಗೆ. ಒಂದು ಸಲವೂ ಬರ್ಲಿಲ್ಲ."

"ಅವಳಿಗೆ ಬಸ್ಸಿನ ವಾಸನೆ ಆಗುವುದಿಲ್ಲ ಮಾರಾಯ್ತಿ," ಎಂದಳು ಅಮ್ಮ.

"ನಿಮಗೆ ಅವಳ ಗುರ್ತ ಉಂಟಾ?"

"ಉಂಟು."

"ಹಾಗಾದ್ರೆ ಬರುವಾಗ ಬಸಳೆ ತರ್ಲಿಕ್ಕೆ ಹೇಳಿ. ಇಲ್ಲಿಯ ಚಳಿಗೆ ಅದು ಬರುವುದಿಲ್ಲ."

ಇಳಿಯುವಾಗ ಅಮ್ಮ ದಾರಿಯುದ್ದಕ್ಕೂ ಅತ್ತಳು. ನಾನು ಕಾರು ನಿಲ್ಲಿಸಲು ಹೋದರೆ ಬೇಡ ಎಂದು ಕೈಯಲ್ಲಾಡಿಸಿದಳು.

ಮುಂದಿನ ತಿಂಗಳು ನಮ್ಮ ಚಪ್ಪರದ ಬಸಳೆಯನ್ನು ದಂಟಿನ ಸಮೇತ ಕೊಯ್ದು, ಬಾಳೆಲೆಯಲ್ಲಿ ಕಟ್ಟಿ ಕೊಟ್ಟಿಗೆಹಾರಕ್ಕೆ ಒಯ್ದಳು. ಅಲ್ಲಿಯೇ ಸಾರು ಮಾಡಿ ಬಡಿಸಿದಳು. ಚಿಕ್ಕಮ್ಮ ದಂಟು ಚೀಪುತ್ತಾ, ಇದನ್ನು ಅಕ್ಕ ಕಳಿಸಿದ್ದಾ ಎಂದು ಕೇಳಿದರು. ಹೌದೆಂದಳು ಅಮ್ಮ. ನಾನೇ ಆ ಅಕ್ಕ ಎಂದು ಆ ದಿನವೂ ಅವಳು ಹೇಳಲೇ ಇಲ್ಲ. ಮಳೆ ಹಿಡಿಯುವವರೆಗೆ ಆಗಾಗ ಹೋಗುತ್ತಿದ್ದೆವು.

ಆಟಿ ತಿಂಗಳ ಜಡಿಮಳೆಯಲ್ಲಿ ಚಿಕ್ಕಮ್ಮ ತೀರಿಕೊಂಡರು. ಗುಡ್ಡ ಜರಿದು ಘಟ್ಟದ ರಸ್ತೆ ಮುಚ್ಚಿದ ದಿನ ಅದು. ಶಿರಾಡಿ ಘಟ್ಟದ ಮೂಲಕ ಸುತ್ತಿಕೊಂಡು ಹೋಗುವ ಎಂದೆ. ಆದರೆ ನಾವು ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಚಿಕ್ಕಮ್ಮನ ಮಗ ಫೋನಿನಲ್ಲೇ ಹೇಳಿದ್ದ. ಅಮ್ಮ ಬೇಡ ಎಂದಳು. ಒಳಗೆ ಹೋಗಿ ಮಧ್ಯಾಹ್ನದ ಅಕ್ಕಿ ತೊಳೆದಳು. ಒಲೆ ಹಚ್ಚದೆ, ತಪಲೆಯ ಮುಂದೆ ಹಾಗೆಯೇ ಕೂತುಬಿಟ್ಟಳು.