ಆರ್ವಿಡ್ ಕೇಳಿದ ಅರ್ಧ ನಿಮಿಷ

ಬೆಳಕು ಹರಿಯುವ ಹೊತ್ತಿಗೆ ಆರ್ವಿಡ್ ಲುಂಡೀನ್ ಬರ್ಚ್ ಫಾಲ್ಸ್ ಚರ್ಚಿನ ಅಡುಗೆಮನೆಯಲ್ಲಿ ಒಬ್ಬರೇ ಮಂಡಿಯೂರಿದ್ದಾರೆ. ಪ್ರಾರ್ಥನೆಗಲ್ಲ, ಫ್ರಿಜ್ಜಿನ ಗುಂಯ್ ಸದ್ದು ರೆಕಾರ್ಡಿಂಗಿನಲ್ಲಿ ಸೇರದ ಹಾಗೆ ಅದರ ಪ್ಲಗ್ ಕೀಳಲು. ಕಿತ್ತ ಮೇಲೆ ತಮ್ಮ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೆ, ಬೆಣ್ಣೆಯ ಪಕ್ಕ ಇಡುತ್ತಾರೆ. ಮೈಕು ಹಿಡಿದು ಬದುಕುವವರ ಹಳೇ ರೂಢಿ ಇದು. ಕೀಲಿ ಒಳಗಿದ್ದರೆ, ಪ್ಲಗ್ ಮತ್ತೆ ಹಾಕುವುದನ್ನು ಮರೆತು ಮನೆಗೆ ಹೋಗುವ ಹಾಗಿಲ್ಲ.

"ಒಂದ್ಸಲ ಮರೆತು ಒಬ್ಬರ ಮನೆಯ ಜಿಂಕೆ ಮಾಂಸ ಅಷ್ಟನ್ನೂ ಕೊಳೆಸಿಬಿಟ್ಟಿದ್ದೆ. ಆ ಯಜಮಾನ್ತಿ ಬೈದಿದ್ದು ಇನ್ನೂ ಕಿವೀಲಿದೆ," ಎಂದು ನಗುತ್ತಾರೆ.

ಅರವತ್ತು ದಾಟಿದ ಆರ್ವಿಡ್ ಮೂವತ್ತು ವರ್ಷ ರಾಜಕೀಯ ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿದವರು. ಅವರ ಹೆಸರು ಪರದೆಗೆ ಬರುವಷ್ಟರಲ್ಲಿ ಜನ ಎದ್ದು ಕೋಟು ಹುಡುಕುತ್ತಿರುತ್ತಾರೆ. ಪ್ರತಿ ಸಂದರ್ಶನ ಮುಗಿದಾಗಲೂ ಅವರದು ಒಂದೇ ಕೋರಿಕೆ: ಅರ್ಧ ನಿಮಿಷ ಯಾರೂ ಮಾತಾಡಬೇಡಿ. "ಖಾಲಿ ಕೋಣೆಗೂ ಅದರದೇ ಒಂದು ಸದ್ದಿರುತ್ತೆ. ಮಾತು ಕತ್ತರಿಸಿದ ಕಡೆ ತೇಪೆ ಹಾಕೋಕೆ ಅದು ಬೇಕು. ಅದರಲ್ಲಿ ಮೋಸ ಏನೂ ಇಲ್ಲ, ಮಾರಾಯ್ರೆ."

ಮೋಸ ನಡೆದದ್ದು ವರ್ನಾ ಟೆಸ್ಮರ್ ಅವರ ಮನೆಯ ಚಿತ್ರೀಕರಣದಲ್ಲಿ. ವರ್ನಾ ಆಗ ಈ ಊರಿನ ಆಡಳಿತ ಕಚೇರಿಯ ಗುಮಾಸ್ತೆ. ಚುನಾವಣೆಯ ಮತ ಎಣಿಕೆಯೂ ಅವರದೇ ಉಸ್ತುವಾರಿ. "ಮತಪತ್ರ ಮುಚ್ಚಿಟ್ರಾ?" ಎಂದು ನಿರ್ದೇಶಕ ಕೇಳಿದ್ದೇ ತಡ, ಅವರು ಮೇಜು ಗುದ್ದಿದ್ದರು. "ಮುಚ್ಚಿಡೋದಾ? ಎರಡೂ ಪಕ್ಷದೋರು ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತಿದ್ರು. ಹೋಗಿ ಅವರನ್ನ ಕೇಳಯ್ಯ!"

ಸಿನಿಮಾದಲ್ಲಿ ಆ ಉತ್ತರವೇ ಇಲ್ಲ. ಪ್ರಶ್ನೆ ಬರುತ್ತದೆ, ಆಮೇಲೆ ವರ್ನಾ ಸುಮ್ಮನೆ ಕೂತಿದ್ದಾರೆ. ಉಗುಳು ನುಂಗುತ್ತಾರೆ, ಕಣ್ಣು ಪಕ್ಕಕ್ಕೆ ಹೊರಳುತ್ತದೆ, ಪರದೆ ಕಪ್ಪಾಗುತ್ತದೆ. ಅದು ಮಾತೆಲ್ಲ ಮುಗಿದ ಮೇಲೆ ಆರ್ವಿಡ್ ಕೇಳಿ ಪಡೆದ ಅರ್ಧ ನಿಮಿಷ; ನಿರ್ದೇಶಕ ಅದನ್ನು ತಂದು ಪ್ರಶ್ನೆಯ ಬೆನ್ನಿಗೆ ಅಂಟಿಸಿದ್ದ. ಕ್ಯಾಮೆರಾ ಓಡುತ್ತಲೇ ಇತ್ತು. ವರ್ನಾ ಕಣ್ಣು ಹೊರಳಿಸಿದ್ದು ಪ್ಲಗ್ ಕಿತ್ತ ಫ್ರಿಜ್ಜಿನ ಕಡೆಗೆ. ಒಳಗಿನ ಐಸ್‌ಕ್ರೀಮ್ ಕರಗೀತೆಂಬ ಚಿಂತೆ ಅವರಿಗೆ!

ಊರು ನಂಬಿಬಿಟ್ಟಿತು. ಅಂಗಡಿಯಲ್ಲಿ ವರ್ನಾರನ್ನು ಕಂಡವರು ಮುಖ ತಿರುಗಿಸಿದರು, ಯಾರೋ ಅವರ ಅಂಚೆಪೆಟ್ಟಿಗೆಗೆ ಸತ್ತ ಮೀನು ತುರುಕಿದರು. ಅವರು ಕೆಲಸ ಬಿಟ್ಟರು. ಆರ್ವಿಡ್ ಫೋನಿನಲ್ಲಿ ಕೂಗಾಡಿದಾಗ ನಿರ್ದೇಶಕ ತಣ್ಣಗೆ ಹೇಳಿದ: "ಮುಖ ಅವಳದೇ, ಕಣ್ಣು ಅವಳದೇ. ನಾವೇನು ಸೇರಿಸಿದ್ವಿ ಹೇಳು?"

ಚಿತ್ರೀಕರಣದ ಧ್ವನಿಯನ್ನು ಹೊರಗೆ ಕೇಳಿಸಬಾರದೆಂಬ ಒಪ್ಪಂದ ಹಾಳಾಗಿ ಹೋಗಲಿ ಎಂದು ಆರ್ವಿಡ್ ತಮ್ಮಲ್ಲಿದ್ದ ಧ್ವನಿಯ ಪ್ರತಿಯನ್ನು ಊರ ಸಭೆಯಲ್ಲಿ ಕೇಳಿಸಿದರು. ಗುದ್ದು, ಉತ್ತರ, ಅವರದೇ ಕೋರಿಕೆ, ಆಮೇಲೆ ಮೌನ. ಕೆಲವರು ತಲೆ ತಗ್ಗಿಸಿದರು. ಹಿಂದಿನ ಸಾಲಿನವನೊಬ್ಬ ಮಾತ್ರ, "ಇದನ್ನೂ ನೀನೇ ಹೊಲಿದಿಲ್ಲ ಅಂತ ಏನು ಗ್ಯಾರಂಟಿ?" ಎಂದ. 

ಅಂದಿನಿಂದ ಸಿನಿಮಾದವರ ಕರೆ ನಿಂತಿದೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. "ನನ್ನ ಮನೇಲಿ ಸುಮ್ಮನಿರಿ ಅಂತ ಯಾರಿಗೂ ಹೇಳಬೇಕಾಗಿಲ್ಲ," ಎನ್ನುತ್ತಾರೆ.  ಈಗ ಉಳಿದಿರುವ ಕೆಲಸ ಮದುವೆ, ಶಾಲೆಯ ನಾಟಕ, ಇವತ್ತಿನಂಥ ಚರ್ಚಿನ ಹಾಡು.

ಹಾಡುಗಾರರು ಬರುತ್ತಾರೆ. ಕೊನೆಯ ಕುರ್ಚಿಯಲ್ಲಿ ವರ್ನಾ. ಪಕ್ಕದ ಕುರ್ಚಿ ಖಾಲಿ. ಹಾಡು ಮುಗಿದೊಡನೆ ಆರ್ವಿಡ್ ನೇರ ಹಾಡನ್ನು ಚಿತ್ರಿಸುತ್ತಿದ್ದ ಕ್ಯಾಮೆರಾದ ಬಳಿ ಹೋಗಿ ಅದಕ್ಕೆ ಮುಚ್ಚಳ ಹಾಕುತ್ತಾರೆ. ಆಮೇಲೆಯೇ ಅರ್ಧ ನಿಮಿಷ ಕೇಳುವುದು.

"ಏನಯ್ಯ ಆರ್ವಿಡ್, ನಾನೂ ಮುಖ ಮುಚ್ಕೊಳ್ಳಲಾ?" ವರ್ನಾ ಕುಟುಕುತ್ತಾರೆ. ಯಾರೂ ನಗುವುದಿಲ್ಲ. ಆರ್ವಿಡ್ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂರುತ್ತಾರೆ. ಅರ್ಧ ನಿಮಿಷ ಇಬ್ಬರೂ ಅಲುಗಾಡುವುದಿಲ್ಲ.

ಎಲ್ಲರೂ ಹೋದ ಮೇಲೆ ಅವರು ಪ್ಲಗ್ ಹಾಕಿ, ತಣ್ಣಗಾದ ಕೀಲಿಯನ್ನು ಅಂಗೈಯಲ್ಲಿ ಉಜ್ಜುತ್ತಾ ನಿಲ್ಲುತ್ತಾರೆ. "ನನ್ನ ದನಿಯನ್ನ ಯಾವ ಸಿನಿಮಾದೋರೂ ಉಳಿಸಿಲ್ಲ, ಉಳಿಸೋದೂ ಬೇಡ. ಆ ಒಂದರಲ್ಲಿ ಮಾತ್ರ ಇರಬೇಕಿತ್ತು. ಸುಮ್ಮನಿರು ಅಂತ ವರ್ನಾಗೆ ಹೇಳಿದ್ದು ನಾನು."