ಎಣ್ಣೆ ಎಂದರೆ ಯಾವ ಎಣ್ಣೆ

ಹದಿನಾರನೇ ವಯಸ್ಸಿನಿಂದ ಇಪ್ಪತ್ತೇಳರವರೆಗೆ ನನ್ನ ಮುಖದಲ್ಲಿ ಮೊಡವೆ ಇಲ್ಲದ ದಿನವೇ ಇರಲಿಲ್ಲ ಎಂದು ಬರೆದು, ಅನುಮಾನವಾಗಿ ನಿಲ್ಲಿಸಿದೆ. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ಇಲ್ಲವೇ? ಹಳೆಯ ದಿನಚರಿಗಳನ್ನು ತೆಗೆದು ನೋಡಿದರೆ, ಪದವಿಯ ಮೂರನೇ ವರ್ಷದಲ್ಲಿ ಹದಿನೈದು ದಿನ ಕೆನ್ನೆ ಸ್ವಚ್ಛವಾಗಿತ್ತು ಎಂದು ನನ್ನದೇ ಅಕ್ಷರ ಹೇಳುತ್ತದೆ. ಆ ಹದಿನೈದು ದಿನ ನನಗೆ ಒಂದಿಷ್ಟೂ ನೆನಪಿಲ್ಲ. ಹಾಗಾಗಿ ಮುಂದಿನದನ್ನು ದಿನಚರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಆ ಊರಿನಲ್ಲಿ ಹುಡುಗಿಯ ಮುಖದ ಮೇಲೆ ಗುಳ್ಳೆ ಎದ್ದರೆ ಕಾರಣ ಹುಡುಕಲು ಯಾರೂ ದೂರ ಹೋಗುವುದಿಲ್ಲ. ಖಾರ ತಿಂದಿದ್ದಾಳೆ, ಉಷ್ಣವಾಗಿದೆ, ಮುಗಿಯಿತು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ಅಪ್ಪನ ತಂಗಿ, ನನ್ನ ಅತ್ತೆ, ಅದನ್ನೇ ನನ್ನ ಮೇಲೆ ತಿರುಗಿಸುತ್ತಿದ್ದಳು. “ಅಪ್ಪನ ಅಂಗಡಿ ಚೀಲದಾಗಿಂದಽ ಎದ್ದು ಬಂದಂಗ ಅದೀ ನೋಡು. ಬಣ್ಣ ಐತಿ, ಖಾರಿಲ್ಲ.” ಈ ಮಾತಿಗೋ, ಉಷ್ಣದ ಮಾತಿಗೋ, ಆರು ತಿಂಗಳು ಖಾರವನ್ನೇ ಬಿಟ್ಟೆ. ಅವ್ವ ನನಗೊಬ್ಬಳಿಗೆ ಸಪ್ಪೆ ಸಾರು ಬೇರೆ ತೆಗೆದಿಡುತ್ತಿದ್ದಳು. ಊಟಕ್ಕೆ ಬಂದ ವ್ಯಾಪಾರಿಗಳು ನನ್ನ ತಟ್ಟೆ ನೋಡಿ ಅಪ್ಪನ ಮುಖ ನೋಡುತ್ತಿದ್ದರು. ಆರು ತಿಂಗಳ ನಂತರವೂ ಮೊಡವೆ ಇದ್ದಲ್ಲೇ ಇತ್ತು. ಅಂದು ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದಾಗ ಆದ ಖುಷಿಯನ್ನು ದಿನಚರಿಯಲ್ಲಿ ಒಂದು ಪುಟ ಬರೆದಿದ್ದೇನೆ.

ಕೃಷಿ ಓದಿ ರಾಣೆಬೆನ್ನೂರಿನಲ್ಲಿ ಬೀಜೋತ್ಪಾದನೆಯ ಕೆಲಸಕ್ಕೆ ಸೇರಿದೆ. ಮೇಡ್ಲೇರಿಯ ಕಡೆ ಬೀಜಕ್ಕಾಗಿ ಬೆಳೆಸುವ ನಮ್ಮ ಪ್ಲಾಟುಗಳು. ಟೊಮೆಟೊ, ಮೆಣಸಿನ ಹೂಗಳಿಗೆ ಹೆಣ್ಣುಮಕ್ಕಳು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಅದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಬಿಸಿಲಿಗೆ ಎಲ್ಲರೂ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ನನಗೆ ಆ ಕೆಲಸ ಇಷ್ಟವಾಗಿದ್ದರಲ್ಲಿ ಈ ಬಟ್ಟೆಯ ಪಾಲೂ ಇತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಸಂಜೆ ಬ್ಯಾಡಗಿಯ ಬಸ್ಸಿನಲ್ಲೂ ನಾನು ವೇಲ್ ಬಿಚ್ಚುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಕ್ಷೇತ್ರೋತ್ಸವ. ಸುತ್ತಲ ಊರಿನ ರೈತರು ಬರುತ್ತಾರೆ, ಪ್ಲಾಟು ಬೆಳೆಸಿದವರು ಮೈಕ್ ಹಿಡಿದು ವಿವರಿಸಬೇಕು. ಎರಡು ವರ್ಷ ನಾನು ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಮೈಕನ್ನು ಜೊತೆಗಾರನಿಗೆ ಕೊಟ್ಟೆ. ರೈತರು ಪ್ರಶ್ನೆ ಕೇಳಿದಾಗ ಅವನ ಬೆನ್ನ ಹಿಂದೆ ನಿಂತು ವೇಲಿನೊಳಗಿಂದಲೇ ಉತ್ತರ ಹೇಳಿಕೊಟ್ಟೆ. ಎರಡನೇ ವರ್ಷ ಹಿರಿಯ ರೈತನೊಬ್ಬ ಅವನ ಕೈ ಹಿಡಿದು, “ನಿಮ್ಮ ಕೈಗುಣ ಭಾಳ ಚಲೋ ಐತ್ರಿ ಸಾರ್,” ಎಂದ. ನಾನೂ ಚಪ್ಪಾಳೆ ತಟ್ಟಿದೆ. ಆ ದಿನದ ಪುಟದಲ್ಲಿ ಎರಡೇ ಸಾಲಿವೆ: ‘ಬರುವ ವರ್ಷ ನಾನೇ ಮಾತಾಡಬೇಕು. ಮುಖ ಮುಚ್ಚದೆ.’ ಪೆನ್ನು ಒತ್ತಿದ ಕಡೆ ಕಾಗದ ಹರಿದಿದೆ.

ಆಗ ನನ್ನ ಬ್ಯಾಗಿನಲ್ಲಿ ಸದಾ ಒಂದು ಮುಲಾಮಿನ ಟ್ಯೂಬ್ ಇರುತ್ತಿತ್ತು. ಗೆಳತಿ ಹೇಳಿದ್ದು, ಔಷಧಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು. ಹಚ್ಚಿದರೆ ಮೂರು ದಿನ ಹೊಳಪು, ಬಿಟ್ಟರೆ ದುಪ್ಪಟ್ಟು ಗುಳ್ಳೆ. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಅದನ್ನು ಹಚ್ಚಿಕೊಳ್ಳುವುದನ್ನು ಕ್ರಾಸಿಂಗಿನ ಹಿರಿಯ ಹೆಂಗಸೊಬ್ಬಳು ನೋಡಿದಳು. ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ. ಅವಳು ಬುತ್ತಿ ಬಿಚ್ಚುತ್ತ ಹೇಳಿದಳು: “ಬೇರಿಗೆ ರೋಗ ಬಂದಾಗ ಎಲಿಗೆ ಎಣ್ಣಿ ಹೊಡದ್ರ ಏನ್ ಬಂತ್ರೀ ಅಕ್ಕಾರ? ನೀವಽ ನಮಗ ಹೇಳ್ತೀರಿ.”

ಹಿಂದಿನ ವಾರವಷ್ಟೇ ಒಣಗುತ್ತಿದ್ದ ಗಿಡಗಳ ಮುಂದೆ ನಿಂತು ನಾನು ಹೇಳಿದ ಮಾತದು. ಮರುದಿನವೇ ರಜೆ ಹಾಕಿ ಹಾವೇರಿಯ ಚರ್ಮರೋಗದ ಡಾಕ್ಟರ್ ಹತ್ತಿರ ಹೋದೆ. ಆಕೆಯ ಮೊದಲ ಪ್ರಶ್ನೆಗಳಲ್ಲೊಂದು, ಎಣ್ಣೆ ಎಷ್ಟು ದಿನಕ್ಕೊಮ್ಮೆ ಎಂಬುದು. ಎಂಟು ದಿನಕ್ಕೊಮ್ಮೆ, ಹುಳ ಜಾಸ್ತಿಯಾದರೆ ನಾಲ್ಕು ದಿನಕ್ಕೆ ಎಂದೆ. ಆಕೆ ಪೆನ್ನು ಕೆಳಗಿಟ್ಟರು.

“ತಲಿಗೇನ್ರಿ?”

“ಇಲ್ರಿ ಮೇಡಂ, ಟೊಮೆಟೊಕ್ಕ.”

ಅವರು ಬಿದ್ದು ಬಿದ್ದು ನಕ್ಕರು ಎಂದು ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿಯ ಪ್ರಕಾರ ನಕ್ಕವಳು ನಾನು. ಅವರು ನಗದೆ ಇನ್ನೊಮ್ಮೆ ಕೇಳಿದರು. ಆಗ ಹೇಳಿದೆ: ದಿನಾ ಬೆಳಿಗ್ಗೆ ಅವ್ವ ಬೊಗಸೆ ಕೊಬ್ಬರಿ ಎಣ್ಣೆ ನೆತ್ತಿಗೆ ತಟ್ಟಿ ಜಡೆ ಹೆಣೆಯುತ್ತಾಳೆ, ಅದು ಹಣೆಗೆ ಇಳಿಯುತ್ತದೆ, ಅದರ ಮೇಲೆ ವೇಲ್ ಬಿಗಿದು ಸಂಜೆಯವರೆಗೆ ಬಿಸಿಲಲ್ಲಿರುತ್ತೇನೆ. ಬಾಯಿಬಿಟ್ಟು ಹೇಳಿದಾಗಲೇ ಅದು ನನಗೂ ಕೇಳಿಸಿದ್ದು. ಒಂದೊಂದು ಸಾಲಿಗೆ ಎಷ್ಟು ನೀರು, ಎಷ್ಟು ಗೊಬ್ಬರ ಎಂದು ಬರೆದಿಡುವವಳು ನನ್ನ ಹಣೆಗೆ ಏನು ಬೀಳುತ್ತಿದೆ ಎಂದು ನೋಡಿರಲಿಲ್ಲ.

ಆಮೇಲೆ ಪ್ರಶ್ನೆಗಳ ಮಳೆ. ಎಷ್ಟಕ್ಕೆ ಮಲಗುತ್ತೀರಿ, ಬೆಳಿಗ್ಗೆ ಏನು ತಿನ್ನುತ್ತೀರಿ, ಚಹಾ ಎಷ್ಟು, ಮುಟ್ಟು ಸರಿಯಾಗಿದೆಯೇ, ವೇಲ್ ಯಾವಾಗ ಒಗೆಯುತ್ತೀರಿ. ಮೊಡವೆಗಾಗಿ ನನ್ನ ನಿದ್ದೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಟ್ಯೂಬ್ ನೋಡಿ ಮಾತ್ರ ಅವರ ಮುಖ ಗಂಭೀರವಾಯಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹೇಗೆ ಬಿಡಬೇಕೆಂದು ಬರೆದುಕೊಟ್ಟು, ಕೆಲವು ವಾರ ಇನ್ನೂ ಉಲ್ಬಣಿಸುತ್ತದೆ, ಹೆದರಬೇಡಿ ಎಂದರು. ರಾತ್ರಿ ಹಚ್ಚಲು ಬೇರೆ ಔಷಧಿ, ಒಂದು ರಕ್ತಪರೀಕ್ಷೆ, ಉಳಿದದ್ದೆಲ್ಲ ನನ್ನ ದಿನದ ರೀತಿಯನ್ನು ಬದಲಿಸುವುದೇ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಐದಾರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ, ಮೂರು ವಾರಕ್ಕೊಂದರಂತೆ ಮಾಡೋಣ ಎಂದು ವಾದಿಸಿದೆ.

“ಇದು ಪ್ಲಾಟ್ ಅಲ್ರಿ, ನಿಮ್ಮ ಮಾರಿ,” ಎಂದರು. “ನಿಮಗ ಗುಣ ಆಗಬೇಕೋ, ವರದಿ ಬರೀಬೇಕೋ?”

ನನಗೆ ಎರಡೂ ಬೇಕಿತ್ತು. ಆದರೆ ಕ್ಷೇತ್ರೋತ್ಸವಕ್ಕೆ ಐದು ತಿಂಗಳಷ್ಟೇ ಉಳಿದಿತ್ತು.

ಎಣ್ಣೆ ಭಾನುವಾರಕ್ಕೆ ಸೀಮಿತವಾಯಿತು, ಅಂದೇ ತಲೆಸ್ನಾನ. ಅವ್ವ ಮೂರು ದಿನ ಮಾತು ಬಿಟ್ಟಳೆಂದು ನನ್ನ ನೆನಪು. ದಿನಚರಿಯಲ್ಲಿ ‘ಅವ್ವ ಮಧ್ಯಾಹ್ನದವರೆಗೆ ಮುನಿಸು’ ಎಂದಿದೆ. ಬಿಸ್ಕತ್ತಿನ ಜೊತೆ ಆರು ಸಲ ಕುಡಿಯುತ್ತಿದ್ದ ಚಹಾ ಎರಡಕ್ಕಿಳಿಯಿತು. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವ ಬದಲು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದು ಹೊರಟೆ. ರಾತ್ರಿ ಹತ್ತಕ್ಕೆ ಮೊಬೈಲ್ ಪಡಸಾಲೆಯಲ್ಲಿ, ನಾನು ಹಾಸಿಗೆಯಲ್ಲಿ. ತೆಳು ಹತ್ತಿಯ ಎರಡು ವೇಲ್, ದಿನಾ ಒಗೆದದ್ದು, ಬಿಸಿಲಿಗಷ್ಟೇ, ಸಡಿಲವಾಗಿ.

ಐದನೇ ವಾರ ಮುಖ ಎಂದೂ ಇಲ್ಲದಷ್ಟು ಕೆಟ್ಟಿತು. ಮೊದಲೇ ಚೆನ್ನಾಗಿದ್ದೆ ಎಂದಳು ಅತ್ತೆ. ಆ ಸಂಜೆ ಕೈ ಟ್ಯೂಬಿನವರೆಗೆ ಹೋಗಿತ್ತು. ಕೊನೆಗೆ ಅದನ್ನು ಅವ್ವನ ಕೈಗೆ ಕೊಟ್ಟು, ನಾನು ಬೇಡಿದರೂ ಕೊಡಬೇಡ ಎಂದೆ. ಅವ್ವನಿಗೆ ಈ ಚಿಕಿತ್ಸೆಯಲ್ಲಿ ಒಂದು ಕೆಲಸ ಸಿಕ್ಕಂತಾಯಿತು. ಎಲ್ಲಿ ಬಚ್ಚಿಟ್ಟಳೋ, ಇವತ್ತಿಗೂ ಹೇಳಿಲ್ಲ.

ಹತ್ತನೇ ವಾರದ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೆನ್ನೆ ನೋಯಲಿಲ್ಲ. ಇನ್ನೊಮ್ಮೆ ತೊಳೆದೆ. ನೋಯಲಿಲ್ಲ. ನೀರು ಸೋರುತ್ತಿದ್ದ ಮುಖದಲ್ಲೇ ಅಡುಗೆಮನೆಗೆ ಓಡಿ ಅವ್ವನ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡೆ. “ಮೆತ್ತಗಾಗೈತೆಲ್ಲಽ,” ಎಂದು ಅವಳು ಇನ್ನೊಂದು ಕೆನ್ನೆಯನ್ನೂ ಮುಟ್ಟಿ ನೋಡಿದಳು. ಆ ತಿಂಗಳ ಪುಟಗಳಲ್ಲಿ ನನ್ನ ಅಕ್ಷರ ದೊಡ್ಡದಾಗಿದೆ, ಸಾಲುಗಳು ಮೇಲೇರಿವೆ. ದಿನಾ ಸಂಜೆ ಗುಳ್ಳೆ ಎಣಿಸಿ ಬರೆದಿದ್ದೇನೆ: ಏಳು, ನಾಲ್ಕು, ಐದು, ಎರಡು. ಯಾವುದು ಕೆಲಸ ಮಾಡಿತು? ಔಷಧಿಯೋ, ನಿದ್ದೆಯೋ, ಟ್ಯೂಬ್ ಬಿಟ್ಟದ್ದೋ? ಅಥವಾ ಆ ವಯಸ್ಸಿಗೆ ತಾನಾಗಿಯೇ ಹೋಗುತ್ತಿತ್ತೋ? ಗೊತ್ತಿಲ್ಲ. ನನ್ನ ಓದಿಗೆ ಇದು ಒಪ್ಪುವ ಉತ್ತರವಲ್ಲ.

ಕ್ಷೇತ್ರೋತ್ಸವದ ದಿನ ಕೆನ್ನೆಗಳ ಮೇಲೆ ಕಂದು ಕಲೆಗಳು ಇನ್ನೂ ಇದ್ದವು. ವೇಲ್ ಬಸ್ಸಿನಲ್ಲೇ ಬಿಚ್ಚಿ ಬ್ಯಾಗಿಗೆ ಹಾಕಿದೆ. ಜೊತೆಗಾರ ರೂಢಿಯಂತೆ ಮೈಕ್ ಹಿಡಿದು ನಿಂತಿದ್ದ. ಇಲ್ಲಿ ಕೊಡು ಎಂದೆ. ಕೊಟ್ಟ. ಮೊದಲ ನಾಲ್ಕು ವಾಕ್ಯ ಕಾಲು ನೋಡಿಕೊಂಡು ಹೇಳಿರಬೇಕು, ಏಕೆಂದರೆ ಐರಣಿಯಿಂದ ಬಂದ ರೈತರೊಬ್ಬರು ಹಿಂದಿನ ಸಾಲಿನಿಂದ, “ಮ್ಯಾಲೆ ನೋಡಿ ಹೇಳ್ರೆವಾ, ಏನೂ ಕೇಳವಲ್ದು,” ಎಂದರು. ಮೇಲೆ ನೋಡಿದೆ. ನೂರು ಕಣ್ಣುಗಳಾದರೂ ಇದ್ದವು, ಎಲ್ಲವೂ ಗಿಡದ ಮೇಲೆ. ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಎಲೆ ಮುದುಡುವ ರೋಗದ ಬಗ್ಗೆ ಅವರು ವಾದ ಹೂಡಿದರು, ನಾನೂ ಬಿಡಲಿಲ್ಲ. ಮೊಣಕಾಲೂರಿ ಬುಡದ ಮಣ್ಣು ಕೆದರಿ ತೋರಿಸಿದೆ, ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡೆ, ಮತ್ತೆ ಕೆದರಿದೆ. ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ಸಂಜೆ ಬ್ಯಾಡಗಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಕೇಳಿದಳು.

“ಯವ್ವಾ, ಮಾರಿಗೆ ಅದೇನು ಹತ್ತೇತಿ?”

“ಹೌದಾ?” ಎಂದೆ. “ಯಾ ಕಡೆ?”